ಒಲವಿನ ಹಾಡೂ ಎದೆಯ ಅಳುಕೂ

ಹೆಣ್ಣುಮಕ್ಕಳ ಶಾಲೆಗೆ ಸಂಬಂಧಪಟ್ಟವರೊಡನೆ ಮಾತನಾಡುವಾಗ ತಾಯಿತಂದೆಗಳು ಸಿನೆಮಾ ಹಾಡುಗಳ ವಿಷಯವಾಗಿ ಎರಡು ದೂರುಗಳನ್ನು ಹೇಳುವುದುಂಟು. ಹುಡುಗಿಯರು ಹೊತ್ತುಹೊತ್ತಿಗೂ ಪ್ರೇಮಗೀತೆಗಳನ್ನೇ ಗುನುಗುತ್ತಿರುವರೆಂಬುದು ಒಂದು. ಆ ಗೀತೆಗಳು ಅವರ ಮನಸ್ಸನ್ನು ಮೆತ್ತಗೆ ಮಾಡಿ ಅವರನ್ನು ಅಳ್ಳೆದೆಯವರನ್ನಾಗಿಸುತ್ತವೆಂಬುದು ಮತ್ತೊಂದು. ಮೊದಲನೆಯ ದೂರಿಗೆ ನಾವು ಉತ್ತರ ಕೊಡಬೇಕಾದ ಅವಶ್ಯಕತೆಯಿಲ್ಲ. ಅದನ್ನು ಹೇಳುವ ತಾಯಂದಿರಲ್ಲಿ ಅನೇಕರು ಇವೇ ಬೆಂಚುಗಳ ಮೇಲೆ ಕುಳಿತು, ನೋಟುಬುಕ್ಕಿನ ಕಡೆಯ ಹಾಳೆಗಳಲ್ಲಿ ಹಾಡುಗಳನ್ನು ಬರೆದುಕೊಂಡವರೇ ಆಗಿರುವರು. ಎರಡನೆಯ ದೂರು ಮಾತ್ರ ಯೋಚನೆಗೆ ಅರ್ಹವಾದುದು.

ಮನಸ್ಸು ಮೆತ್ತಗಾಗುವುದು ದೋಷವೆಂದು ನಾವು ಒಪ್ಪುವುದಿಲ್ಲ. ಒಲಿದೆನೆಂದು ಬಾಯಿಬಿಟ್ಟು ಹೇಳುವವರು ಅದೇ ಕ್ಷಣದಲ್ಲಿ, ಇಲ್ಲವೆನ್ನುವ ಅಧಿಕಾರವನ್ನು ಎದುರಿನವರ ಕೈಗೆ ಕೊಟ್ಟುಬಿಡುವರು. ಆ ಮಾತನ್ನಾಡುವುದಕ್ಕೆ ಮುಂಚೆ ಇದ್ದ ರಕ್ಷಣೆಯು ಆಡಿದ ಮೇಲೆ ಇರುವುದಿಲ್ಲ. ನಗುವರೋ, ತಿರಸ್ಕರಿಸುವರೋ, ನಾಲ್ಕು ಜನರೆದುರಿಗೆ ಎತ್ತಿ ಆಡುವರೋ ಎಂಬ ಅಳುಕು ಯಾರಿಗೆ ತಾನೆ ಇರುವುದಿಲ್ಲ? ಆ ಅಳುಕನ್ನು ಬಲ್ಲವರಾಗಿಯೂ ಎದೆಯನ್ನು ತೆರೆಯುವುದಕ್ಕೆ ಧೈರ್ಯ ಬೇಕು. ಒಳ್ಳೆಯ ಪ್ರೇಮಗೀತೆಯ ಜೀವಾಳವೆಲ್ಲ ಇರುವುದು ಅಲ್ಲಿಯೇ. ನಮ್ಮ ಆಕ್ಷೇಪಣೆ ಬೇರೆಯದು. ಜನಪ್ರಿಯವಾದ ಹಾಡುಗಳಲ್ಲಿ ಅನೇಕವು ಈ ಧೈರ್ಯದ ಕೀರ್ತಿಯನ್ನು ಎದೆ ತೆರೆದವರಿಗೆ ಸಲ್ಲಿಸದೆ, ಗಟ್ಟಿಯಾಗಿ ಅತ್ತವರಿಗೆ ಸಲ್ಲಿಸುತ್ತ ಬಂದಿರುತ್ತವೆ. ಹಾಡು ಕೇಳುವ ಹುಡುಗಿಗೆ ಈ ಭೇದವು ತಿಳಿದಿರಬೇಕೆಂಬುದಷ್ಟೇ ನಮ್ಮ ವಾದ.

ಎಲ್ಲರೂ ಬಲ್ಲ ಒಂದು ಹೆಸರಿನಿಂದ ತೊಡಗುವೆವು. ಬಂಗಾಳದ ಶರಚ್ಚಂದ್ರ ಚಟ್ಟೋಪಾಧ್ಯಾಯರ "ದೇವದಾಸ" ಕಾದಂಬರಿಯು 1917ರಲ್ಲಿ ಪ್ರಕಟವಾಯಿತು. 1935ರಲ್ಲಿ ಪ್ರಮಥೇಶ ಬರುವಾ ಅವರು ಅದನ್ನು ಬಂಗಾಳಿ ವಾಕ್ಚಿತ್ರವನ್ನಾಗಿ ಮಾಡಿದರು. ಅವರೇ ಮಾಡಿದ ಹಿಂದೀ ಚಿತ್ರದಲ್ಲಿ ಕುಂದನಲಾಲ ಸೈಗಲರು ನಟಿಸಿ ಹಾಡಿದರು. 1953ರಲ್ಲಿ ತೆಲುಗು ತಮಿಳುಗಳಲ್ಲಿ ಅಕ್ಕಿನೇನಿ ನಾಗೇಶ್ವರರಾಯರೂ, 1955ರಲ್ಲಿ ಮತ್ತೆ ಹಿಂದಿಯಲ್ಲಿ ದಿಲೀಪಕುಮಾರರೂ ಆ ಪಾತ್ರವನ್ನು ವಹಿಸಿದರು. ಕೊನೆಗೆ ಅದು ಒಬ್ಬನ ಹೆಸರಾಗಿ ಉಳಿಯದೆ ಒಂದು ಜಾತಿಯ ಹೆಸರೇ ಆಗಿಹೋಯಿತು. ಗಡ್ಡ ಬಿಟ್ಟುಕೊಂಡು ಊಟ ಸೇರದೆ ತಿರುಗುವ ತರುಣನನ್ನು ನಮ್ಮ ಹಳ್ಳಿಗಳಲ್ಲಿಯೂ "ದೇವದಾಸ ಆಗಿದ್ದಾನೆ" ಎನ್ನುವರು. ಬಂಗಾಳದ ಕಾದಂಬರಿಯ ಹೆಸರನ್ನೇ ಕೇಳದವರೂ ಎನ್ನುವರು.

ಆದರೆ ಕಥೆಯಲ್ಲಿ ನಡೆದುದೇನು? ಪಾರ್ವತಿಯ ಮನೆಯವರು ಮದುವೆಯ ಮಾತೆತ್ತಿದಾಗ ದೇವದಾಸನ ಕಡೆಯವರು ಅಂತಸ್ತು ಸಾಲದೆಂದು ತಳ್ಳಿಹಾಕುವರು. ಆಗ ಆ ಹುಡುಗಿಯು ನಡುರಾತ್ರಿಯಲ್ಲಿ ಒಬ್ಬಳೇ ಅವನ ಕೋಣೆಗೆ ಹೋಗಿ ತನ್ನ ಮನಸ್ಸನ್ನು ನೇರವಾಗಿ ಹೇಳುವಳು. ಆ ಕಾಲದ ಬಂಗಾಳದ ಹಳ್ಳಿಯಲ್ಲಿ ಅದನ್ನು ಒಬ್ಬರು ಕಂಡಿದ್ದರೂ ಅವಳ ಬಾಳು ಮುಗಿದಂತೆಯೇ. ದೇವದಾಸನು ತಾಯಿತಂದೆಗಳಿಗೆ ಹೆದರಿ ಕಲಕತ್ತೆಗೆ ಹೋಗಿ, ಅಲ್ಲಿಂದ ಆಗದೆಂದು ಕಾಗದ ಬರೆಯುವನು. ಪಶ್ಚಾತ್ತಾಪ ಪಟ್ಟು ಹಿಂತಿರುಗುವ ವೇಳೆಗೆ ಹೊತ್ತು ಮೀರಿರುತ್ತದೆ. ಅವಳನ್ನು ದೊಡ್ಡ ಮಕ್ಕಳಿರುವ ವಯಸ್ಸಾದ ಜಮೀನುದಾರನಿಗೆ ಕೊಡುವರು. ಅವಳು ಆ ಮನೆಯ ಯಜಮಾನಿಕೆಯನ್ನು ಬಾಯಿಮುಚ್ಚಿ ನಡೆಸುವಳು. ಇವನು ಕುಡಿಯುವನು. ಜನರ ನಾಲಗೆಯ ಮೇಲೆ ನಿಂತ ಹಾಡುಗಳು ಯಾರವು? ಕುಡಿದವನವು. ನಡುರಾತ್ರಿಯಲ್ಲಿ ಬಾಗಿಲು ತಟ್ಟಿದವಳ ಎದೆಯಲ್ಲಿ ಏನಿದ್ದಿತೆಂಬುದನ್ನು ಒಂದು ನೂರು ವರ್ಷಗಳಿಂದ ಹಾಡುಗಾರರು ಅಷ್ಟಾಗಿ ವಿಚಾರಿಸಿರುವುದಿಲ್ಲ. ಇದು ಶರಚ್ಚಂದ್ರರ ತಪ್ಪಲ್ಲ; ಅವರು ಪಾರ್ವತಿಯ ಧೈರ್ಯವನ್ನು ಕಣ್ಣಿಗೆ ಕಟ್ಟುವಂತೆ ಬರೆದಿದ್ದಾರೆ. ಕೇಳಿದವರ ಕಿವಿಯು ಆರಿಸಿಕೊಂಡದ್ದು ಬೇರೆ.

ಹೆಂಗಸರಿಗೆ ಹಾಡೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಕನ್ನಡ ನಾಡಿನ ಬೀಸುವ ಕಲ್ಲಿನ ಪದಗಳನ್ನು ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ "ಗರತಿಯ ಹಾಡು" ಎಂಬ ಹೆಸರಿನಿಂದ ಅಚ್ಚು ಮಾಡಿಸಿದರು. ತವರಿನ ಹಂಬಲ, ಗಂಡನ ಮೇಲಿನ ಒಲವು, ಅವನು ಮುನಿದಾಗಿನ ಸಂಕಟ, ಅಣ್ಣನು ಬಂದಾನೆಂದು ದಾರಿ ನೋಡುವ ಕಣ್ಣು, ಎಲ್ಲವೂ ಆ ಮೂರು ಮೂರು ಸಾಲಿನ ಪದಗಳಲ್ಲಿ ಅಡಗಿರುತ್ತವೆ. ಆದರೆ ಅವು ಹುಟ್ಟಿದ ಸ್ಥಳವನ್ನು ನೆನೆಯಬೇಕು. ಬೆಳಗಿನ ಜಾವ, ಮನೆಯವರೆಲ್ಲರೂ ಮಲಗಿರುವರು, ಕಲ್ಲಿನ ಸದ್ದು ಮಾತನ್ನು ಮುಚ್ಚುತ್ತಿರುವುದು. ಹೇಳಿಕೊಳ್ಳುವುದಕ್ಕೆ ಅಷ್ಟು ಮರೆ ಬೇಕಾಗಿತ್ತು. ಯಾರನ್ನು ಕುರಿತು ಹಾಡು ಹುಟ್ಟಿತೋ ಅವನು ಅದನ್ನು ಕೇಳುತ್ತಿರಲಿಲ್ಲ. ಕೇಳಿದರೂ ಅದು ತನಗೆ ಹೇಳಿದುದೆಂದು ತಿಳಿಯಬೇಕಾದ ಕಟ್ಟುಪಾಡಿರಲಿಲ್ಲ.

ಕಲ್ಲು ಹೋಗಿ ಗಿರಣಿ ಬಂದ ಮೇಲೆಯೂ ಈ ಮರೆಯ ಅಗತ್ಯವು ಹೋಗಲಿಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅರವತ್ತು ದಾಟಿದವರಿಗೆ 1974ರ "ಎರಡು ಕನಸು" ಚಿತ್ರವು ನೆನಪಿರಬಹುದು. ವಾಣಿಯವರ ಕಾದಂಬರಿಯನ್ನು ದೊರೆ–ಭಗವಾನರು ತೆರೆಗೆ ತಂದರು, ಚಿ. ಉದಯಶಂಕರರು ಹಾಡು ಬರೆದರು. ರಾಜನ್–ನಾಗೇಂದ್ರರು ರಾಗ ಹಾಕಿದರು. ರಾಜಕುಮಾರರು ವಹಿಸಿದ ನಾಯಕನು ಒಲಿದವಳನ್ನು ಪಡೆಯಲಾರದೆ ಮತ್ತೊಬ್ಬಳನ್ನು ಮದುವೆಯಾಗಿ, ಹಳೆಯ ನೆನಪಿನಲ್ಲಿಯೇ ಮುಳುಗಿ, ಮನೆಗೆ ಬಂದ ಹೆಂಡತಿಯನ್ನು ಕಣ್ಣೆತ್ತಿ ನೋಡದೆ ಇರುವನು. ಕಲ್ಪನಾ ಅವರು ಆ ಹೆಂಡತಿಯಾಗಿ ನಟಿಸಿರುವರು. ಅವಳಿಗೆ ಒಂದು ಹಾಡು ಇದೆ, ಎಸ್. ಜಾನಕಿಯವರ ಕಂಠ. ಅದು ದೇವರ ಪೂಜೆಯ ಹಾಡು. ಹೂ ತಂದು, ಬಾಗಿಲ ಹೊರಗೆ ನಿಂತು, ಒಳಗಿರುವವನ ದರ್ಶನಕ್ಕಾಗಿ ಬೇಡುವ ಭಕ್ತಳ ಹಾಡು. ಇಂದಿಗೂ ಅದನ್ನು ಮನೆಗಳಲ್ಲಿ ದೇವರ ಮುಂದೆ ಹಾಡುವವರಿದ್ದಾರೆ, ಭಜನೆಯೆಂದೇ ಭಾವಿಸುವವರಿದ್ದಾರೆ. ಆದರೆ ಚಿತ್ರವನ್ನು ನೋಡಿದವರಿಗೆ ಗೊತ್ತು, ಮುಚ್ಚಿದ ಬಾಗಿಲು ಯಾವುದೆಂದು.

ಈ ಒಂದು ಹಾಡಿನ ಮುಂದೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಕಟ್ಟಿಕೊಂಡ ಗಂಡನೊಡನೆ, ಒಂದೇ ಸೂರಿನ ಕೆಳಗೆ, "ನನ್ನ ಕಡೆ ನೋಡಿರಿ" ಎಂದು ಹೇಳುವ ಸ್ವಾತಂತ್ರ್ಯವು ಆ ಹೆಂಡತಿಗೆ ಇಲ್ಲ. ದೇವರಿಗೆ ಹೇಳುವ ನೆಪದಲ್ಲಿ ಮಾತ್ರ ಅವಳು ತನ್ನ ಬಡತನವನ್ನು ತೋಡಿಕೊಳ್ಳಬಲ್ಲಳು. ನಾಯಕನಿಗಾದರೋ ಅಂತಹ ನೆಪವು ಬೇಕಿಲ್ಲ. ಅವನು ತನ್ನ ನೋವನ್ನು ತನ್ನದೆಂದೇ ಮೆರೆಸಬಹುದು; ಮನೆಯವರೆಲ್ಲರೂ ಅದರ ಸುತ್ತ ಹೆಜ್ಜೆಯ ಸದ್ದಾಗದಂತೆ ಓಡಾಡಬೇಕು. ಉದಯಶಂಕರರು ಇದನ್ನು ಬಲ್ಲವರಾಗಿಯೇ ಆ ಹಾಡನ್ನು ಹಾಗೆ ಕಟ್ಟಿದರೆಂದು ನಮಗೆ ತೋರುತ್ತದೆ. ಮೂಲ ಕಥೆಯನ್ನು ಒಬ್ಬ ಸ್ತ್ರೀಯು ಬರೆದುದೂ ಇಲ್ಲಿ ಗಮನಿಸತಕ್ಕ ಸಂಗತಿ. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯ ಮಾತು ಬೇರೆ. ಆಕೆಯು ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಗಿಣಿ ಕೋಗಿಲೆಗಳನ್ನು ಕೇಳಿದಾಗ ದೇವರು ಅಲ್ಲಿ ನೆಪವಾಗಿರಲಿಲ್ಲ, ಗಂಡನೇ ಆಗಿದ್ದನು. ಲೋಕದ ಗಂಡನನ್ನು ಬಿಟ್ಟು ಹೊರಟವಳಿಗೆ ಮರೆಯ ಅವಶ್ಯಕತೆಯೂ ಇರಲಿಲ್ಲ. ಆಕೆಯ ಹೆಸರನ್ನು ಹೇಳಿ, ಸಂಸಾರದಲ್ಲಿ ಬಾಯಿಲ್ಲದವಳ ಅಳಲನ್ನು ಭಕ್ತಿಯೆಂದು ಕರೆದು ಸುಮ್ಮನಾಗಿಸುವುದು ಸರಿಯಲ್ಲ.

ಗಂಡಸಿನ ಎದೆಯ ಅಳುಕನ್ನು ಅಬ್ಬರವಿಲ್ಲದೆ ಹಾಡಿದವರೂ ನಮ್ಮಲ್ಲಿ ಇದ್ದಾರೆಂಬುದನ್ನು ಇಲ್ಲಿಯೇ ಹೇಳದಿದ್ದರೆ ಅನ್ಯಾಯವಾದೀತು. ಕೆ. ಎಸ್. ನರಸಿಂಹಸ್ವಾಮಿಯವರ "ಮೈಸೂರು ಮಲ್ಲಿಗೆ" 1942ರಲ್ಲಿ ಹೊರಬಂದಿತು. ಹೆಂಡತಿಯನ್ನು ಬಿಟ್ಟಿರಲಾರೆನೆಂದು ಹೇಳಿಕೊಳ್ಳುವ ಗಂಡನು ನೆರೆಹೊರೆಯವರ ನಗೆಗೆ ಗುರಿಯಾಗುತ್ತಿದ್ದ ಕಾಲ ಅದು. ಅವರ ಒಂದು ಕವಿತೆಯಲ್ಲಿ ರಾಯರು ಮಾವನ ಮನೆಗೆ ಬರುವರು, ಉಪಚಾರಗಳಿಗೆ ಕಡಮೆಯಿಲ್ಲ, ಯಾರನ್ನು ಕಾಣಲು ಬಂದರೋ ಅವಳು ಮಾತ್ರ ಕಾಣಸಿಗಳು. ದೊಡ್ಡ ಮನುಷ್ಯನ ಆ ಪೇಚಾಟವನ್ನು ಕಂಡು ನಾವು ನಗುವೆವು; ನಗುವಾಗಲೂ ಅವನನ್ನು ಹೀನವಾಗಿ ಕಾಣುವುದಿಲ್ಲ. ಅವನು ಯಾರನ್ನೂ ದೂರುವುದಿಲ್ಲವಷ್ಟೆ. ಐವತ್ತು ವರ್ಷಗಳ ತರುವಾಯ, 1992ರಲ್ಲಿ, ಟಿ. ಎಸ್. ನಾಗಾಭರಣರು ಆ ಕವಿತೆಗಳನ್ನು ಆಧರಿಸಿ ಅದೇ ಹೆಸರಿನ ಚಿತ್ರವನ್ನು ಮಾಡಿದರು, ಸಿ. ಅಶ್ವತ್ಥರು ಸಂಗೀತ ಕೊಟ್ಟರು. ಉತ್ತಮ ಗೀತರಚನೆಗಾಗಿ ಕವಿಗೆ ರಾಷ್ಟ್ರಪ್ರಶಸ್ತಿಯು ದೊರೆಯಿತು. ಪುಸ್ತಕದ ಕವಿತೆಯು ಜನಪ್ರಿಯ ಹಾಡಾಗಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ಧಾರವಾಡದ ಬೇಂದ್ರೆಯವರ ಒಂದು ಗೀತೆಯ ಗತಿಯನ್ನು ನೆನೆದರೆ ಮಾತ್ರ ನಮಗೆ ಖೇದವಾಗುತ್ತದೆ. ಹಲವು ಮಕ್ಕಳನ್ನು ಕಳೆದುಕೊಂಡ ತಂದೆಯು, ಮಗುವಿನ ಮರಣದ ಹೊತ್ತಿನಲ್ಲಿ ಹೆಂಡತಿಯು ತನ್ನನ್ನು ನೋಡಿದ ನೋಟವನ್ನು ತಾಳಲಾರದೆ ಬರೆದ ಗೀತೆ ಅದು. "ನಾದಲೀಲೆ" ಎಂಬ ಸಂಗ್ರಹದಲ್ಲಿದೆ. ಅದನ್ನು ಮದುವೆಯ ಆರತಕ್ಷತೆಗಳಲ್ಲಿ, ಹುಡುಗನು ಹುಡುಗಿಯ ಕಣ್ಣಿಗೆ ಸೋತ ಹಾಡೆಂದು ಭಾವಿಸಿ ಹಾಡುವವರಿದ್ದಾರೆ! ಸಮಾಧಾನ ಹೇಳಬೇಕಾದವನೇ ತನ್ನಲ್ಲಿ ಸಮಾಧಾನವಿಲ್ಲವೆಂದು ಒಪ್ಪಿಕೊಳ್ಳುವುದು, ಅವಳ ದುಃಖದ ಮುಂದೆ ತನ್ನ ಗಂಡಸುತನದ ಬಿಗಿಯನ್ನು ಬಿಟ್ಟುಕೊಡುವುದು, ಇದಕ್ಕಿಂತ ಮಿಗಿಲಾದ ಒಲವಿನ ಮಾತು ನಮಗೆ ತಿಳಿಯದು. ಆದುದರಿಂದ ಅದು ಪ್ರೇಮಗೀತೆಯೆಂಬುದು ಸುಳ್ಳಲ್ಲ. ಆದರೆ ಆರತಕ್ಷತೆಯ ಹಾಡಲ್ಲ.

ಇನ್ನು ಈಗಿನ ಕಾಲಕ್ಕೆ ಬರೋಣ. 2006ರ ಡಿಸೆಂಬರಿನಲ್ಲಿ ತೆರೆಕಂಡ, ಯೋಗರಾಜ ಭಟ್ಟರ "ಮುಂಗಾರು ಮಳೆ"ಯು ಕನ್ನಡ ಪ್ರೇಮಗೀತೆಯ ದಾರಿಯನ್ನು ತಿರುಗಿಸಿತೆಂದು ಹೇಳುವುದುಂಟು. ಅದು ಬಹುಮಟ್ಟಿಗೆ ನಿಜ. ಗೋಕರ್ಣದ ಜಯಂತ ಕಾಯ್ಕಿಣಿಯವರು ಬರೆದು, ಮನೋಮೂರ್ತಿಯವರು ರಾಗ ಹಾಕಿ, ಸೋನು ನಿಗಮರು ಹಾಡಿದ ಗೀತೆಯು ಒಲವನ್ನು ಘೋಷಿಸುವುದಿಲ್ಲ; ಹಾಗಿರಬಹುದೇ ಎಂದು ತನ್ನನ್ನು ತಾನೇ ಮೆಲ್ಲನೆ ಕೇಳಿಕೊಳ್ಳುತ್ತದೆ. ನಾಯಕನೆಂದರೆ ಎಲ್ಲವೂ ನಿಶ್ಚಯವಾಗಿ ಗೊತ್ತಿರುವವನೆಂದು ತಿಳಿದಿದ್ದ ಕಿವಿಗಳಿಗೆ ಆ ಅನಿಶ್ಚಯವು ಹೊಸದಾಗಿತ್ತು. ಹುಡುಗರು ಅದನ್ನು ನಾಚಿಕೆಯಿಲ್ಲದೆ ಹಾಡಿದರು. ಇದು ಸಣ್ಣ ಲಾಭವಲ್ಲ.

(ಕನ್ನಡಿಗರ ಒಲವಿನ ಅಳುಕನ್ನು ಹಾಡಿ ತೋರಿಸಿದ ಕಂಠಗಳಲ್ಲಿ ಹೆಚ್ಚಿನವು ಕನ್ನಡ ನಾಡಿನ ಹೊರಗೆ ಹುಟ್ಟಿದವುಗಳೆಂಬುದನ್ನು ಇಲ್ಲಿ ಸೂಚಿಸುವೆವು. ಪಿ. ಬಿ. ಶ್ರೀನಿವಾಸರು ಕಾಕಿನಾಡದವರು, ಜಾನಕಿಯವರು ಗುಂಟೂರು ಸೀಮೆಯವರು, ಸೋನು ನಿಗಮರು ಉತ್ತರದವರು, ಶ್ರೇಯಾ ಘೋಷಾಲರು ಬಂಗಾಳಿಯವರು. ನಮ್ಮ ಗುಟ್ಟನ್ನು ನಾವು ನೆರೆಯವರ ಬಾಯಿಂದಲೇ ಹೇಳಿಸಿಕೊಂಡಿರುತ್ತೇವೆ.)

ಆದರೆ ಅದೇ ಚಿತ್ರದಲ್ಲಿ ನಾಯಕನು ಸಾಕಿಕೊಂಡ ಮೊಲಕ್ಕೆ ಇಟ್ಟ ಹೆಸರೇನು? ದೇವದಾಸ. ಹೆಸರಿನೊಡನೆ ಹಳೆಯ ರೋಗವೂ ಸ್ವಲ್ಪ ಬಂದಿತು. ಕಡೆಗೆ ಹುಡುಗಿಯ ಮನಸ್ಸು ಅವನ ಕಡೆಗೆ ತಿರುಗಿದರೂ ಅವನು ಹಿರಿಯರ ಮಾತನ್ನು ನೆನೆದು ಅವಳನ್ನು ಬಿಟ್ಟುಕೊಟ್ಟು ಮಳೆಯಲ್ಲಿ ಹೊರಟುಹೋಗುವನು. ನೋಡಿದವರೆಲ್ಲರೂ ಅತ್ತರು. ಅವಳ ಬಾಳಿನ ತೀರ್ಮಾನವನ್ನು ಅವಳನ್ನು ಕೇಳದೆ ಮಾಡಿದುದು ತ್ಯಾಗವೆನ್ನಿಸಿತು. ನಾವೂ ಆ ಹಾಡುಗಳನ್ನು ಮೆಚ್ಚಿದವರೇ. ಆದರೆ ಒಬ್ಬ ಹುಡುಗಿಯು ಹೀಗೆಯೇ ತನ್ನಷ್ಟಕ್ಕೆ ತೀರ್ಮಾನಿಸಿ ಹುಡುಗನನ್ನು ಬಿಟ್ಟು ಹೋಗಿದ್ದರೆ ಅವಳಿಗೆ ಯಾವ ಹೆಸರು ಬರುತ್ತಿತ್ತೆಂಬುದನ್ನು ವಾಚಕರು ತಾವೇ ಊಹಿಸಿಕೊಳ್ಳಲಿ. ಅಂತಹ ಹೆಸರುಗಳಿಗೆ ಹಾಡುಗಳಲ್ಲಿ ಕೊರತೆಯಿಲ್ಲ. 2011ರಲ್ಲಿ ತಮಿಳಿನಿಂದ ಹೊರಟು ದೇಶವನ್ನೆಲ್ಲ ಸುತ್ತಿದ ಧನುಷರ "ಕೊಲವೆರಿ" ಹಾಡಿನ ತಮಾಷೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ಅನುಸರಿಸಿ ಎಲ್ಲ ಭಾಷೆಗಳಲ್ಲಿಯೂ ಬಂದ, ಕೈಕೊಟ್ಟಳೆಂದು ಹುಡುಗಿಯನ್ನು ಬಯ್ಯುವ ಹಾಡುಗಳಲ್ಲಿ ತಮಾಷೆಯು ಹೋಗಿ ಬಯ್ಗಳು ಮಾತ್ರ ಉಳಿಯಿತು.

ಇಲ್ಲಿಗೆ ನಮ್ಮ ಮುಖ್ಯವಾದ ಮಾತು ಬಂದಿರುತ್ತದೆ. "ನೀನಿಲ್ಲದಿದ್ದರೆ ಬದುಕಲಾರೆ" ಎಂಬ ಅರ್ಥದ ಹಾಡುಗಳು ಸಾವಿರವಿರಬಹುದು. ಹೇಳುವವನ ಎದೆ ಒಡೆದಿರುವುದೇನೋ ನಿಜವಿರಬಹುದು. ಆದರೆ ಕೇಳುವವಳ ಕಿವಿಯಲ್ಲಿ ಅದು ಸಾಲಪತ್ರದಂತೆ ಬೀಳುತ್ತದೆ. ನಾನು ಇಷ್ಟು ನೊಂದಿದ್ದೇನೆ, ತೀರಿಸತಕ್ಕವಳು ನೀನು, ಎಂದು. ಎದೆಯನ್ನು ತೆರೆದವನು ಇಲ್ಲವೆಂಬ ಉತ್ತರಕ್ಕೂ ಸಿದ್ಧನಾಗಿರಬೇಕು. ಸಿದ್ಧನಲ್ಲದವನು ತೆರೆದುದು ಎದೆಯಲ್ಲ, ವಸೂಲಿಯ ಅಂಗಡಿ. ಬೇಡವೆಂದವಳ ಹಿಂದೆ ಬೀದಿಬೀದಿ ಅಲೆಯುವುದನ್ನು ನಮ್ಮ ಚಿತ್ರಗಳು ಬಹುಕಾಲ ರಾಗ ಹಾಕಿ ಕುಣಿಸಿದವು. 2013ರಲ್ಲಿ ದಂಡಸಂಹಿತೆಗೆ ತಿದ್ದುಪಡಿ ತಂದು ಅದನ್ನು ಪ್ರತ್ಯೇಕ ಅಪರಾಧವೆಂದು ಸೇರಿಸಲಾಯಿತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 78ನೆಯ ಕಲಮು. ಮೊದಲ ಸಲಕ್ಕೆ ಮೂರು ವರ್ಷಗಳ ವರೆಗೆ, ಮತ್ತೆ ಮಾಡಿದರೆ ಐದು ವರ್ಷಗಳ ವರೆಗೆ ಸೆರೆವಾಸ. ದೂರವಾಣಿಯಲ್ಲಿಯೂ ಅಂತರ್ಜಾಲದಲ್ಲಿಯೂ ಬೆನ್ನು ಹತ್ತುವುದಕ್ಕೂ ಇದು ಅನ್ವಯಿಸುತ್ತದೆ. ಹದಿನಾಲ್ಕು ಹದಿನೈದು ವರ್ಷದ ಹುಡುಗಿಗೆ ಕಲಮಿನ ಸಂಖ್ಯೆಯು ತಿಳಿಯದಿರಬಹುದು. ಹಾಡಿನ ಪಲ್ಲವಿಯು ಮಾತ್ರ ಬಾಯಿಪಾಠವಾಗಿರುತ್ತದೆ. ಯಾವನೋ ಒಬ್ಬನು ಕೈ ಕೊಯ್ದುಕೊಂಡು ಅದರ ಚಿತ್ರವನ್ನು ಕಳುಹಿಸಿದಾಗ, ಇದು ಒಲವೋ ಬೆದರಿಕೆಯೋ ಎಂದು ಆಕೆಯು ಅರೆಗಳಿಗೆಯಲ್ಲಿ ತಿಳಿಯಬೇಕಾಗುತ್ತದೆ. ಆ ಹೊತ್ತಿನಲ್ಲಿ ಅವಳ ಕಿವಿಯಲ್ಲಿ ಯಾವ ಹಾಡು ಮೊಳಗುವುದೆಂಬುದು ತಾಯಿತಂದೆಗಳಿಗೆ ಅಲಕ್ಷ್ಯ ಮಾಡತಕ್ಕ ವಿಷಯವೆ?

ಹಾಗೆಂದು ಹಾಡುಗಳನ್ನೇ ನಿಷೇಧಿಸಬೇಕೆನ್ನುವವರೊಡನೆ ನಾವು ಸೇರಲಾರೆವು. ವಾರ್ಷಿಕೋತ್ಸವಗಳಲ್ಲಿ ಸಿನೆಮಾ ಹಾಡು ಕೂಡದೆಂಬ ನಿಯಮವು ಅನೇಕ ಶಾಲೆಗಳಲ್ಲಿ ಇರುತ್ತದೆ. ಅದರಿಂದ ಆಗುವುದೇನೆಂದರೆ, ಹುಡುಗಿಯರು ವೇದಿಕೆಯ ಮೇಲೆ ನಾಡಗೀತೆಯನ್ನು ಹಾಡಿ ಬಸ್ಸಿನಲ್ಲಿ ಬೇರೆಯದನ್ನು ಹಾಡುವರು. ಹಿಂದೆ ಹಾಲಿನಲ್ಲಿಟ್ಟ ರೇಡಿಯೋವಿನಿಂದ ಬಂದ ಹಾಡನ್ನು ಅಜ್ಜಿಯೂ ಮೊಮ್ಮಗಳೂ ಒಟ್ಟಿಗೆ ಕೇಳುತ್ತಿದ್ದರು, ಅಜ್ಜಿಯು ನಡುವೆ ಒಂದು ಮಾತನ್ನು ಒಗೆಯುತ್ತಿದ್ದಳು, "ಅಷ್ಟು ಅಳುವವನು ನಾಳೆ ಮನೆ ಏನು ನಡೆಸಿಯಾನು?" ಎಂದು. ಆ ಒಂದು ಮಾತು ಒಂದು ಪಾಠಕ್ಕೆ ಸಮವಾಗಿತ್ತು. ಈಗ ಹಾಡು ನೇರವಾಗಿ ಕಿವಿಯೊಳಗೇ ಹೋಗುತ್ತದೆ, ಅಜ್ಜಿಗೆ ಅವಕಾಶವಿಲ್ಲ. ಪಕ್ಕದಲ್ಲಿ ಕುಳಿತ ಮಗಳು ಏನನ್ನು ಕೇಳಿ ಕಣ್ಣೊರಸಿಕೊಂಡಳೆಂಬುದು ತಾಯಿಗೆ ತಿಳಿಯುವುದಿಲ್ಲ, ಮತ್ತು ತಾಯಿಯು ಕೇಳುವುದೂ ಇಲ್ಲ.

ಕನ್ನಡ ತರಗತಿಯ ವಾರದ ಒಂದು ಗಂಟೆಯನ್ನು ಇದಕ್ಕೆ ಕೊಟ್ಟರೆ ತಪ್ಪಿಲ್ಲವೆಂದು ನಾವು ಭಾವಿಸುತ್ತೇವೆ. ಹುಡುಗಿಯರೇ ಹಾಡನ್ನು ತರಲಿ. ಇಲ್ಲಿ ಮಾತನಾಡುತ್ತಿರುವವರು ಯಾರು, ಯಾರಿಗೆ, ಎದುರಿನವರು ಒಲ್ಲೆನೆಂದರೆ ಹಾಡು ಮುಂದೆ ಹೇಗೆ ಸಾಗುತ್ತದೆ ಎಂದು ಅವರೇ ವಿಚಾರಿಸಲಿ. ಛಂದಸ್ಸಿನ ಗಣವಿಭಾಗಕ್ಕೆ ಕೊಡುವ ಹೊತ್ತಿನಲ್ಲಿ ಅರ್ಧ ಸಾಕು. ಪಾರ್ವತಿಯ ಪಕ್ಷವನ್ನು ಹಿಡಿಯುವವರು ಎದ್ದಾರು, ದೇವದಾಸನ ಪಕ್ಷವನ್ನೂ ಹಿಡಿದಾರು, ಜಗಳವಾದರೆ ಒಳ್ಳೆಯದೇ.

ಮತ್ತೊಂದು ಕೊರತೆಯನ್ನು ಹೇಳಿ ಮುಗಿಸುವೆವು. ಹುಡುಗಿಯೊಬ್ಬಳು ತಾನಾಗಿ ಒಲವನ್ನು ಹೇಳಿ, ಆಗದೆಂಬ ಉತ್ತರವನ್ನು ಪಡೆದು, ಎರಡು ದಿನ ಅತ್ತು, ಮೂರನೆಯ ದಿನ ತಲೆ ಬಾಚಿಕೊಂಡು ಕೆಲಸಕ್ಕೆ ಹೋದ ಹಾಡನ್ನು ಕನ್ನಡದಲ್ಲಿ ನಾವಿನ್ನೂ ಕೇಳಿಲ್ಲ. ಚಿತ್ರಗಳಿಗೆ ಹಾಡು ಬರೆಯುವ ಸ್ತ್ರೀಯರು ಬೆರಳೆಣಿಕೆಯಷ್ಟೇ ಇರುವುದು ಅದಕ್ಕೆ ಒಂದು ಕಾರಣವಾಗಿರಬಹುದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಪದ್ಯ ಕಟ್ಟಬಲ್ಲವರು ಅನೇಕರಿದ್ದಾರೆ; ಅವರು ಅಂತಹುದೊಂದನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಅಚ್ಚು ಹಾಕಿಸಲಾಗುವುದು. ಅದಕ್ಕೆ ರಾಗ ಹಾಕುವ ಭಾರವನ್ನು ಸಂಗೀತದ ಉಪಾಧ್ಯಾಯಿನಿಯವರು ವಹಿಸಿಕೊಳ್ಳುವರೆಂದು, ಅವರನ್ನು ಇನ್ನೂ ಕೇಳದೆಯೇ, ಇಲ್ಲಿ ಬರೆದಿರುತ್ತೇವೆ.